ಬೂಷ್ಟು ಹೊಲದಲ್ಲೇ ಶುರುವಾಗುತ್ತದೆ: ಮೆಕ್ಕೆಜೋಳದ ವಿಷದ ಹಿನ್ನೆಲೆ

ಶಿಕಾರಿಪುರ, ಸೊರಬದ ಕಡೆ ಕೊಯ್ಲಿನ ಹೊತ್ತಿಗೆ ಹೋದರೆ ರಸ್ತೆ ಬದಿಯಲ್ಲೆಲ್ಲ ಮೆಕ್ಕೆಜೋಳ ಹರಡಿರುತ್ತದೆ. ಮೋಡ ಕಂಡರೆ ಸಾಕು, ಟಾರ್ಪಾಲು ಎಳೆಯುವ ಗಡಿಬಿಡಿ. ಕಾಳಿಗೆ ಬೂಷ್ಟು ಬಂದರೆ ನಾವು ಬೈಯುವುದು ಆ ಮಳೆಯನ್ನು, ಇಲ್ಲಾ ಗೋದಾಮನ್ನು. ಆದರೆ ವಿಷ ಮಾಡುವ ಬೂಷ್ಟು ಎಷ್ಟೋ ಸಲ ತೆನೆ ಇನ್ನೂ ಗಿಡದಲ್ಲಿರುವಾಗಲೇ ಒಳಗೆ ಕೂತಿರುತ್ತದೆ.

ಈ ವಿಷ ಮೊದಲು ಸಿಕ್ಕಿದ್ದು ಶೇಂಗಾದಲ್ಲಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು, ಹುಡುಕುತ್ತಾ ಹೋದರೆ ಕಾರಣ ಬ್ರೆಜಿಲ್‌ನಿಂದ ತರಿಸಿದ ಶೇಂಗಾ ಹಿಂಡಿ. ಅದರಲ್ಲಿದ್ದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ ಮಾಡುವ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಿಟ್ಟರು. ಲಿವರ್ ಹಾಳು ಮಾಡುತ್ತದೆ, ಕ್ಯಾನ್ಸರ್ ತರುತ್ತದೆ, ಮನೆಯಲ್ಲಿ ಬೇಯಿಸಿದರೆ ಹೋಗುವುದಿಲ್ಲ. 1974ರಲ್ಲಿ ರಾಜಸ್ಥಾನ, ಗುಜರಾತಿನ ಬುಡಕಟ್ಟು ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದವರಿಗೆ ಕಾಮಾಲೆ ಬಂತು, ಹೊಟ್ಟೆಯಲ್ಲಿ ನೀರು ತುಂಬಿತು. 106 ಜನ ಸತ್ತರು. ಮನೆಯಲ್ಲಿ ಬೇರೆ ಕಾಳಿಲ್ಲದ ಬಡವರು ಅವರು, ಅದನ್ನು ಮರೆಯಬಾರದು.

ಅಲ್ಲಿಯವರೆಗೂ ಇದು ದಾಸ್ತಾನಿನ ಸಮಸ್ಯೆ ಅಂತಲೇ ಹೆಚ್ಚಿನವರು ನಂಬಿದ್ದರು. 1970ರ ದಶಕದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಹೊಲಗಳಲ್ಲೇ ತೆನೆ ಬಿಚ್ಚಿ ನೋಡಿದಾಗ ವಿಷ ಅಲ್ಲೇ ಇತ್ತು. ತೆನೆ ತುದಿಯ ಕೂದಲು ಹಸಿಯಾಗಿದ್ದು ಕಂದು ಬಣ್ಣಕ್ಕೆ ತಿರುಗುವ ಹೊತ್ತಿದೆಯಲ್ಲ, ಆಗ ಗಾಳಿಯಲ್ಲಿ ಬಂದ ಶಿಲೀಂಧ್ರದ ಬೀಜಕಣ ಅದರ ಮೇಲೆ ಬಿದ್ದು, ಮೊಳೆತು, ಕೂದಲಿನ ದಾರಿಯಲ್ಲೇ ಕಾಳಿನವರೆಗೆ ಇಳಿಯುತ್ತದೆ. ಆ ಹೊತ್ತಿಗೆ ಮಳೆ ಕೈಕೊಟ್ಟು ಬಿಸಿಲು ಜಾಸ್ತಿಯಾದರೆ ಗಿಡ ಸೊರಗುತ್ತದೆ, ಶಿಲೀಂಧ್ರಕ್ಕೆ ಅದೇ ಹಬ್ಬ. ಸಿಪ್ಪೆ ಸುಲಿದರೆ ಕಾಳಿನ ಮೇಲೆ ಹಳದಿ ಹಸಿರು ಪುಡಿ ಕಾಣುತ್ತದೆ.

ಮಲೆನಾಡಿನಲ್ಲಿ ಮಳೆಗೇನು ಕಮ್ಮಿ ಅನ್ನಬಹುದು. ತೇವ ಇದ್ದ ಕಡೆ ಇನ್ನೊಂದು ಶಿಲೀಂಧ್ರ ಬರುತ್ತದೆ, ಫ್ಯುಸೇರಿಯಂ. ಬಿಳಿ, ನಸುಗುಲಾಬಿ ಬೂಷ್ಟು. ಅದರ ವಿಷ ಫ್ಯುಮೋನಿಸಿನ್, 1988ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಪತ್ತೆಯಾಯಿತು. 1995ರಲ್ಲಿ ದಖನ್ ಪ್ರಸ್ಥಭೂಮಿಯ 27 ಹಳ್ಳಿಗಳಲ್ಲಿ, ಮಳೆಗೆ ನೆನೆದ ಜೋಳ, ಮೆಕ್ಕೆಜೋಳ ತಿಂದು ಜನ ಹೊಟ್ಟೆನೋವು, ಭೇದಿಯಿಂದ ಬಿದ್ದಾಗ ಸಿಕ್ಕಿದ್ದೂ ಇದೇ. ಹೆದರಿಕೆಯ ಮಾತೇನೆಂದರೆ, ನೋಡಲು ಚೆನ್ನಾಗಿರುವ ಕಾಳಿನಲ್ಲೂ ಇದು ಇರಬಹುದು.

ಇದಕ್ಕೆ ಬಾಗಿಲು ತೆರೆಯುವುದು ಹುಳು. 2018ರಲ್ಲಿ ಅಮೆರಿಕ ಮೂಲದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಗುರುತಾಗಿದ್ದು ನಮ್ಮ ಶಿವಮೊಗ್ಗದಲ್ಲೇ, ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪತ್ತೆ ಮಾಡಿದ್ದು. ಸುಳಿ ತಿನ್ನುವುದು ಎಲ್ಲರಿಗೂ ಕಾಣುತ್ತದೆ. ಅದೇ ಹುಳು ತೆನೆಗೂ ಇಳಿದು ಕಾಳು ಕೊರೆದರೆ ಆ ಗಾಯದಲ್ಲಿ ಬೂಷ್ಟು ನೆಲೆ ಕಾಣುತ್ತದೆ.

ಹಾಗಾಗಿ ಕೆಲಸ ಹೊಲದಿಂದಲೇ ಶುರುವಾಗಬೇಕು. ನೀರಿದ್ದವರು ಕೂದಲು ಬಿಡುವ ಹೊತ್ತಿಗೆ ಬೆಳೆ ಬಾಡಲು ಬಿಡಬಾರದು. ಹುಳುವಿಗೆ ಸುಳಿಯಲ್ಲಿರುವಾಗಲೇ ಔಷಧಿ ಹೊಡೆಯಬೇಕು. ಕೊಯ್ಲಿಗೆ ಮೊದಲು ಹೊಲದ ನಾಲ್ಕು ಕಡೆ ತೆನೆ ಸುಲಿದು ನೋಡಿ, ಬೂಷ್ಟಿದ್ದದ್ದನ್ನು ಬೇರೆ ಹಾಕಬೇಕು. ಅದನ್ನು ಹಸುವಿಗೂ ಹಾಕಬೇಡಿ, ದಯವಿಟ್ಟು. ಅಫ್ಲಾಟಾಕ್ಸಿನ್ ಹಾಲಿಗೆ ಇಳಿಯುತ್ತದೆ, ಆ ಹಾಲು ಕುಡಿಯುವುದು ನಮ್ಮ ಮಕ್ಕಳೇ.