ಕೋಟಿಗಟ್ಟಲೆ ಅಚ್ಚಾದ ಕ್ವಾರ್ಟರ್‌ಗೆ ಬೆಲೆ ಬರುವುದು ಯಾವಾಗ?

ನಾಣ್ಯ ನೋಡಿ ಬೆಲೆ ಹೇಳುವುದು ನನ್ನ ಕೆಲಸ. ಅಮೆರಿಕದ ನಾಣ್ಯಗಳಲ್ಲಿ ಜನ ನನಗೆ ಜಾಸ್ತಿ ತೋರಿಸುವುದು ಡೋಲು ಬಾರಿಸುವವನ ಚಿತ್ರವಿರುವ ಕ್ವಾರ್ಟರ್, ಅಂದರೆ 25 ಸೆಂಟ್‌ನ ನಾಣ್ಯ. ಅಮೆರಿಕದ ಸ್ವಾತಂತ್ರ್ಯಕ್ಕೆ ಇನ್ನೂರು ವರ್ಷ ತುಂಬಿದ ನೆನಪಿಗೆ ಅದರ ಮೇಲೆ 1776–1976 ಅಂತ ಎರಡು ಇಸವಿ ಇರುತ್ತದೆ. ನ್ಯೂಜೆರ್ಸಿಯಲ್ಲಿ ಇರುವವರೂ ತೋರಿಸುತ್ತಾರೆ, ಮಕ್ಕಳನ್ನು ನೋಡಿಕೊಂಡು ಬಂದ ಮೈಸೂರಿನವರೂ ಫೋಟೊ ಕಳಿಸುತ್ತಾರೆ. ಐವತ್ತು ವರ್ಷ ಹಳೆಯದು, ಚಿತ್ರ ಬೇರೆ ವಿಶೇಷವಾಗಿದೆ, ಒಳ್ಳೆ ಬೆಲೆ ಇರಬೇಕು ಅಲ್ವಾ ಅಂತ ಕೇಳುತ್ತಾರೆ. ಕೈಯಿಂದ ಕೈಗೆ ಓಡಾಡಿದ್ದಾದರೆ ಅದರ ಬೆಲೆ ಈಗಲೂ 25 ಸೆಂಟೇ. ಚಲಾವಣೆಗೆಂದು ಅಚ್ಚು ಹಾಕಿದ್ದೇ 160 ಕೋಟಿಗೂ ಹೆಚ್ಚು. ಜನರು ನೆನಪಿಗೆಂದು ಎತ್ತಿಟ್ಟುಕೊಂಡದ್ದೂ ಅಷ್ಟೇ ಧಾರಾಳ.

ವಯಸ್ಸಿಗಿಂತ ಮೊದಲು ಲೋಹ ನೋಡಬೇಕು. 1964ರವರೆಗಿನ ಕ್ವಾರ್ಟರ್‌ನಲ್ಲಿ ಶೇ 90 ಬೆಳ್ಳಿ ಇದೆ, ತೂಕ 6.25 ಗ್ರಾಂ. 1965ರಿಂದ ಬೆಳ್ಳಿ ಹೋಯಿತು. ನಡುವೆ ತಾಮ್ರ, ಎರಡೂ ಕಡೆ ತಾಮ್ರ-ನಿಕಲ್ ಹೊದಿಕೆ, ತೂಕ 5.67 ಗ್ರಾಂ. ತಕ್ಕಡಿ ಇಲ್ಲದಿದ್ದರೆ ಅಂಚನ್ನು ನೋಡಿ. ಕೆಂಪು ಗೆರೆ ಕಂಡರೆ ಬೆಳ್ಳಿಯ ಆಸೆ ಬಿಡಬಹುದು. ಬೆಳ್ಳಿಯದಾದರೆ ಎಷ್ಟೇ ಸವೆದಿದ್ದರೂ ಆ ದಿನದ ಬೆಳ್ಳಿಯ ದರವಂತೂ ಇದ್ದೇ ಇರುತ್ತದೆ.

ಬೆಳ್ಳಿ ಇಲ್ಲದ ನಾಣ್ಯದ ಲೆಕ್ಕವೇ ಬೇರೆ. ಅಲ್ಲಿ ಎಷ್ಟು ಅಚ್ಚಾಯಿತು ಅನ್ನುವುದಕ್ಕಿಂತ, ಎಷ್ಟು ಚೆನ್ನಾಗಿ ಉಳಿದಿವೆ ಅನ್ನುವುದು ದೊಡ್ಡ ಪ್ರಶ್ನೆ. ನಾನು ಯಾವಾಗಲೂ ಕೊಡುವ ಉದಾಹರಣೆ 1983ರಲ್ಲಿ ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ ಅಚ್ಚಾದ ಕ್ವಾರ್ಟರ್, 'ಪಿ' ಗುರುತಿನದು. 67 ಕೋಟಿ ಅಚ್ಚಾಗಿದೆ. ಆದರೂ ಸಂಗ್ರಹಕಾರರು ಅದರಲ್ಲಿ ಓಡಾಡದೆ ಹೊಸದಾಗಿಯೇ ಉಳಿದ ನಾಣ್ಯಕ್ಕೆ ಹತ್ತಾರು ಡಾಲರ್ ಕೊಡುತ್ತಾರೆ, ತೀರಾ ಚೆನ್ನಾಗಿದ್ದರೆ ನೂರಾರು. ಯಾಕೆ ಗೊತ್ತೇ? ಅಮೆರಿಕದ ಟಂಕಸಾಲೆ ಪ್ರತಿವರ್ಷ ಚಲಾವಣೆಯ ನಾಣ್ಯಗಳನ್ನೇ ಪ್ಯಾಕ್ ಮಾಡಿ 'ಮಿಂಟ್ ಸೆಟ್' ಅಂತ ಮಾರುತ್ತಿತ್ತು. ಖರ್ಚು ಉಳಿಸಲು 1982 ಮತ್ತು 1983ರಲ್ಲಿ ಅದನ್ನು ನಿಲ್ಲಿಸಿತು. ಟಂಕಸಾಲೆಯ ಅಂಗಡಿಗಳಲ್ಲಿ ಸಿಕ್ಕ ಸಣ್ಣ ಸ್ಮರಣಿಕೆ ಸೆಟ್‌ಗಳನ್ನು ಬಿಟ್ಟರೆ, ಆ ಎರಡು ವರ್ಷದ ನಾಣ್ಯಗಳೆಲ್ಲ ಚೀಲ ಸೇರಿ ಬ್ಯಾಂಕಿಗೆ ಹೋದವು. ಮಾಮೂಲಿ ಕ್ವಾರ್ಟರ್ ತಾನೇ ಅಂತ ಯಾರೂ ಜೋಪಾನ ಮಾಡಲಿಲ್ಲ.

ಚೀಲದೊಳಗೆ ಆಗುವುದನ್ನು ಭೂತಗನ್ನಡಿಯಲ್ಲಿ ನೋಡಬೇಕು. ಸಾವಿರಾರು ನಾಣ್ಯ ಒಂದರ ಮೇಲೊಂದು ಬಿದ್ದು ಕಚ್ಚುತ್ತವೆ. ಆ ಗುರುತು ಎದ್ದು ಕಾಣುವುದು ಕ್ವಾರ್ಟರ್‌ನ ಮುಂಬದಿಯಲ್ಲಿರುವ ಜಾರ್ಜ್ ವಾಷಿಂಗ್ಟನ್ನರ ಕೆನ್ನೆಯ ಮೇಲೆ. ನಾಣ್ಯದ ಅಂಚು ಹಿಡಿದು ಒಂದೇ ದೀಪದ ಕೆಳಗೆ ನಿಧಾನವಾಗಿ ವಾಲಿಸುತ್ತೇನೆ. ಮೇಲ್ಮೈ ಹಾಳಾಗದಿದ್ದರೆ ಬೆಳಕಿನ ಪಟ್ಟಿ ಗಾಡಿ ಚಕ್ರದ ಅರದಂತೆ ಸುತ್ತುತ್ತದೆ. ಕೆನ್ನೆ ಸ್ವಚ್ಛವಾಗಿದ್ದು, ಆ ಬೆಳಕು ಎಲ್ಲೂ ತುಂಡಾಗದೆ ಸುತ್ತಿದ 1983ರ ನಾಣ್ಯ ಸಿಕ್ಕರೆ ಇವತ್ತಿಗೂ ನನಗೆ ಖುಷಿಯಾಗುತ್ತದೆ.

ಈ ಗುಣಕ್ಕೆ ಅಂಕ ಕೊಡುವ ಸಂಸ್ಥೆಗಳಿವೆ. 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಶುರುವಾದವು. ಅಂಕ 1ರಿಂದ 70ರವರೆಗೆ. ಸವೆಯದ ನಾಣ್ಯಕ್ಕೆ 60ರಿಂದ ಮೇಲೆ. 65ಕ್ಕೂ 67ಕ್ಕೂ ಬರಿಗಣ್ಣಿಗೆ ಅಂಥ ವ್ಯತ್ಯಾಸ ಕಾಣುವುದಿಲ್ಲ, ಬೆಲೆ ಮಾತ್ರ ಹಲವು ಪಟ್ಟು ಏರಬಹುದು. ಯಾವ ಅಂಕದಲ್ಲಿ ಎಷ್ಟು ನಾಣ್ಯ ಬಂದಿವೆ ಅನ್ನುವ ಪಟ್ಟಿಯನ್ನೂ ಈ ಸಂಸ್ಥೆಗಳು ಪ್ರಕಟಿಸುತ್ತವೆ. ದುಡ್ಡು ಹಾಕುವ ಮೊದಲು ಅದನ್ನು ನೋಡಿ. ಆಧುನಿಕ ನಾಣ್ಯದ ವಿಷಯದಲ್ಲಿ ಆ ಸಂಖ್ಯೆ ಏರುತ್ತಲೇ ಹೋಗುತ್ತದೆ. ಇವತ್ತು 67 ಅಂಕದಲ್ಲಿ ಮೂರೇ ಇವೆ ಅಂತ ದುಬಾರಿ ಬೆಲೆ ಕೊಟ್ಟು ತಗೊಂಡರೆ, ನಾಳೆ ಯಾರೋ ಬ್ಯಾಂಕ್ ರೋಲ್, ಅಂದರೆ ಬ್ಯಾಂಕಿನಿಂದ ಬಂದ ನಾಣ್ಯದ ಸುರುಳಿ ಬಿಚ್ಚಿ ಇನ್ನಷ್ಟು ಕಳಿಸಿರುತ್ತಾರೆ. ಅಮೆರಿಕದ ಟಂಕಸಾಲೆಯ ಬೆಳ್ಳಿ ನಾಣ್ಯವಾದ ಸಿಲ್ವರ್ ಈಗಲ್ ಈಚಿನದಾದರೆ ಅದಕ್ಕೆ 70 ಅಂಕ ಬಂದಿದೆ ಅನ್ನುವುದೂ ದೊಡ್ಡ ಸಂಗತಿಯಲ್ಲ. ಅಷ್ಟು ಚೆನ್ನಾಗಿರುವಂತೆಯೇ ಅದನ್ನು ತಯಾರಿಸುತ್ತಾರೆ.

ನಿಜವಾಗಿ ಕಡಿಮೆ ಸಂಖ್ಯೆಯ ಸಿಲ್ವರ್ ಈಗಲ್ ಬೇಕೆಂದರೆ 1995ರದನ್ನು ನೋಡಿ, ವೆಸ್ಟ್ ಪಾಯಿಂಟ್ ಟಂಕಸಾಲೆಯ 'ಡಬ್ಲ್ಯೂ' ಗುರುತಿನ ಪ್ರೂಫ್ ನಾಣ್ಯ, ಅಂದರೆ ಸಂಗ್ರಹಕಾರರಿಗೆಂದೇ ಕನ್ನಡಿಯಂತೆ ಹೊಳೆಯುವ ಹಾಗೆ ಅಚ್ಚು ಹಾಕಿದ್ದು. 30,125 ಮಾತ್ರ ಇವೆ. ಅದನ್ನು ಬಿಡಿಯಾಗಿ ಮಾರಲೇ ಇಲ್ಲ. ನಾಲ್ಕು ಚಿನ್ನದ ನಾಣ್ಯಗಳ ಜೊತೆ 999 ಡಾಲರ್ ಸೆಟ್‌ನಲ್ಲಿ ಇಟ್ಟರು. ಬೆಳ್ಳಿ ಮಾತ್ರ ಕೂಡಿಡುವವರು ಬೇಡವೆಂದು ಬಿಟ್ಟರು. ಆಮೇಲೆ ಪ್ರತಿವರ್ಷದ ಸಿಲ್ವರ್ ಈಗಲ್ ಸೇರಿಸಿ ಸಾಲು ಪೂರ್ತಿ ಮಾಡಲು ಎಲ್ಲರಿಗೂ ಅದೇ ಬೇಕಾಯಿತು. ನಾಣ್ಯ ಅಪರೂಪವಾಗಿದ್ದರೆ ಸಾಲದು, ಅದಕ್ಕಾಗಿ ಕಾಯುವವರೂ ಇರಬೇಕು. ಸಿಲ್ವರ್ ಈಗಲ್‌ಗೆ ಅಂಥವರು ಬಹಳ.

ಇನ್ನು ಅಚ್ಚಿನ ದೋಷ. 2004ರಲ್ಲಿ ಡೆನ್ವರ್ ಟಂಕಸಾಲೆಯಲ್ಲಿ ಅಚ್ಚಾದ, ವಿಸ್ಕಾನ್ಸಿನ್ ರಾಜ್ಯದ ಹೆಸರಿನ ಕ್ವಾರ್ಟರ್‌ನಲ್ಲಿ ಹಸುವಿನ ತಲೆ, ಚೀಸ್, ಮೆಕ್ಕೆಜೋಳದ ತೆನೆ ಇವೆ. ಕೆಲವು ನಾಣ್ಯಗಳಲ್ಲಿ ತೆನೆಯ ಎಡಗಡೆ ಒಂದು ಎಲೆ ಜಾಸ್ತಿ. ಒಂದು ಬಗೆಯಲ್ಲಿ ಎಲೆ ಮೇಲಕ್ಕೆ ಚಾಚಿದೆ, ಇನ್ನೊಂದರಲ್ಲಿ ಕೆಳಕ್ಕೆ ಬಾಗಿದೆ. ಅಚ್ಚಿನ ಮೇಲೇ ಆದ ಗುರುತು ಇದು. ಹಾಗಾಗಿ ಆ ಅಚ್ಚಿನಿಂದ ಬಂದ ಪ್ರತಿ ನಾಣ್ಯದಲ್ಲೂ ಅದೇ ಎಲೆ, ಅದೇ ಜಾಗದಲ್ಲಿ ಇರುತ್ತದೆ. ಅದಕ್ಕೇ ಅದಕ್ಕೆ ಬೆಲೆ. ಪಾರ್ಕಿಂಗ್ ಜಾಗದಲ್ಲಿ ಟೈರಿನಡಿ ಸಿಕ್ಕಿ ಗೀರು ಬಿದ್ದ ನಾಣ್ಯ ದೋಷದ ನಾಣ್ಯವಲ್ಲ, ಹಾಳಾದ ನಾಣ್ಯ. ಆನ್‌ಲೈನ್‌ನಲ್ಲಿ ಅಂಥದ್ದಕ್ಕೂ ಸಾವಿರಾರು ಡಾಲರ್ ಕೇಳುವವರಿದ್ದಾರೆ. ಸುಮ್ನೆ ಕೇಳಿದ ಬೆಲೆಯನ್ನು ನಂಬಬೇಡಿ, ಮಾರಾಟವಾದ ಬೆಲೆಯನ್ನು ಮಾತ್ರ ನೋಡಿ.

ಕೈಮುಗಿದು ಕೇಳುತ್ತೇನೆ, ನಾಣ್ಯ ತೊಳೆಯಬೇಡಿ. ಹುಣಸೆಹಣ್ಣು, ಟೂತ್‌ಪೇಸ್ಟ್, ಅಡುಗೆ ಸೋಡಾ ಯಾವುದೂ ಬೇಡ. ಉಜ್ಜಿದ ನಾಣ್ಯದಲ್ಲಿ ಆ ಬೆಳಕು ಸುತ್ತುವುದು ನಿಂತುಹೋಗುತ್ತದೆ, ಮತ್ತೆ ಬರುವುದಿಲ್ಲ. ಅಂಕ ಕೊಡುವವರೂ 'ತೊಳೆದಿದೆ' ಅಂತ ಬರೆದೇ ಕಳಿಸುತ್ತಾರೆ. ಪರೀಕ್ಷೆಗೆ ಕಳಿಸುವ ಮುನ್ನ ಖರ್ಚಿನ ಲೆಕ್ಕವನ್ನೂ ಹಾಕಿ. ಶುಲ್ಕ, ಅಂಚೆ, ವಿಮೆ ಸೇರಿದರೆ ಒಂದು ನಾಣ್ಯಕ್ಕೆ ಹತ್ತಾರು ಡಾಲರ್ ಆಗುತ್ತದೆ. ಅಂಕ ಬಂದ ಮೇಲೂ ಇಪ್ಪತ್ತು ಡಾಲರ್ ದಾಟದ ನಾಣ್ಯವಾದರೆ ಒಂದು ಒಳ್ಳೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಟ್ಟರೆ ಸಾಕು.