ಎಲ್ಲರ ಕೈಯಲ್ಲೂ ಒಂದೇ ಪಾಸ್‌ವರ್ಡ್

ತುಮಕೂರಿನ ಮಂಡಿಪೇಟೆಯ ಅಂಗಡಿಯಾಗಲಿ, ವಸಂತನರಸಾಪುರದ ಕಾರ್ಖಾನೆಯಾಗಲಿ, ಲೆಕ್ಕ ನೋಡಲು ಹೋದಾಗ ನಾನು ಮೊದಲು ಕೇಳುವುದು ಲೆಕ್ಕದ ತಂತ್ರಾಂಶವಾದ ಟ್ಯಾಲಿಯ ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತು ಎಂದು. ‘ಎಲ್ಲರಿಗೂ ಗೊತ್ತು, ನಮ್ಮವರೇ ತಾನೆ’ ಎಂಬ ಉತ್ತರ ಬರುತ್ತದೆ. ಕೆಲವೆಡೆ ಅದನ್ನು ಚೀಟಿಯಲ್ಲಿ ಬರೆದು ಮಾನಿಟರಿನ ಅಂಚಿಗೇ ಅಂಟಿಸಿರುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬಳಕೆದಾರರ ಹೆಸರು ಕೊಡಿ ಎಂದರೆ ಮಾಲೀಕರಿಗೆ ಮುಜುಗರ: ಹಳೆಯ ಗುಮಾಸ್ತರನ್ನು ಅನುಮಾನಿಸಿದಂತಾಗುವುದಿಲ್ಲವೇ?

ಅನುಮಾನಕ್ಕೆ ಎಡೆ ಮಾಡಿಕೊಡುವುದೇ ಆ ಚೀಟಿ. ಒಂದೇ ಹೆಸರಿನಲ್ಲಿ ನಾಲ್ವರು ಕೆಲಸ ಮಾಡಿ ಲೆಕ್ಕ ತಾಳೆಯಾಗದ ದಿನ, ‘ಇದು ನನ್ನ ಕೈಕೆಲಸವಲ್ಲ’ ಎಂದು ತೋರಿಸಲು ಆ ಗುಮಾಸ್ತರ ಬಳಿ ಏನೂ ಇರುವುದಿಲ್ಲ. ಹೊಣೆ ಹೆಚ್ಚು ಮಾತಾಡದವರ ತಲೆಗೆ ಬರುತ್ತದೆ.

ನೋಂದಾಯಿತ ಕಂಪನಿಗಳಿಗೆ ಇದರಲ್ಲಿ ಕಾನೂನೂ ಇದೆ. 2023ರ ಏಪ್ರಿಲ್ 1ರಿಂದ ಶುರುವಾದ ಹಣಕಾಸು ವರ್ಷದಿಂದ, ಅವು ಬಳಸುವ ಲೆಕ್ಕದ ತಂತ್ರಾಂಶವು ಪ್ರತಿ ತಿದ್ದುಪಡಿಯನ್ನೂ ದಿನಾಂಕ ಸಹಿತ ದಾಖಲಿಸಬೇಕು; ಆ ದಾಖಲೆಯನ್ನು ನಿಲ್ಲಿಸಲು ಅವಕಾಶವಿರಬಾರದು. ಆದರೆ ದಾಖಲೆಯ ಉದ್ದಕ್ಕೂ ‘ಅಡ್ಮಿನ್’ ಎಂಬ ಒಂದೇ ಹೆಸರಿದ್ದರೆ ಅದನ್ನು ಓದಿ ಏನು ತಿಳಿಯಬೇಕು?

ಯಾರಿಗೆ ಏನು ಬಿಡಬೇಕು ಎನ್ನುವಾಗ ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು ಎರಡು ಅಧಿಕಾರಗಳು ಒಬ್ಬರಲ್ಲೇ ಸೇರುವುದು: ಸರಬರಾಜುದಾರರ ಬ್ಯಾಂಕ್ ವಿವರ ಬದಲಿಸುವುದು ಮತ್ತು ಹಣ ಕಳುಹಿಸುವುದು. ಸರಬರಾಜುದಾರರ ಲೆಡ್ಜರ್ (ಲೆಕ್ಕದ ಪುಟ) ತೆರೆದು ಬ್ಯಾಂಕ್ ಖಾತೆ ಸಂಖ್ಯೆ ಬದಲಿಸಿ, ಹಣ ಕಳುಹಿಸಿ, ಮತ್ತೆ ಹಳೆಯ ಸಂಖ್ಯೆಯನ್ನೇ ಹಾಕಿಬಿಟ್ಟರೆ ಪುಸ್ತಕದಲ್ಲಿ ಎಲ್ಲವೂ ಚೊಕ್ಕವಾಗಿ ಕಾಣುತ್ತದೆ. ಆ ವ್ಯಾಪಾರಿ ಬಾಕಿ ಕೇಳಿ ಫೋನ್ ಮಾಡುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಇದಕ್ಕಾಗಿಯೇ ವ್ಯಾಪಾರದ ಖಾತೆಗಳ ನೆಟ್ ಬ್ಯಾಂಕಿಂಗ್‌ನಲ್ಲಿ ಒಬ್ಬರು ನಮೂದಿಸಿ ಇನ್ನೊಬ್ಬರು ಒಪ್ಪಿಗೆ ಕೊಡುವ ವ್ಯವಸ್ಥೆ ಇದೆ. ಮಾಲೀಕರು ಒಟಿಪಿ ಬರುವ ಮೊಬೈಲನ್ನು ಗುಮಾಸ್ತರ ಮೇಜಿನ ಮೇಲಿಟ್ಟು ಶಿರಾಕ್ಕೆ ಮದುವೆಗೆ ಹೊರಟರೆ ಮಾತ್ರ ಯಾವ ವ್ಯವಸ್ಥೆಯೂ ಉಳಿಯದು.

ಹಳೆಯ ದಿನಾಂಕಕ್ಕೆ ಬಿಲ್ ಹಾಕುವುದು ಇನ್ನೊಂದು ತಲೆನೋವು. ಮಾರಾಟದ ವಿವರ ಕೊಡುವ ಜಿಎಸ್‌ಟಿ ರಿಟರ್ನ್ ಆದ ಜಿಎಸ್‌ಟಿಆರ್-1 ಅನ್ನು ತಿಂಗಳಿಗೊಮ್ಮೆ ಸಲ್ಲಿಸುವವರು ಮುಂದಿನ ತಿಂಗಳ 11ರೊಳಗೆ ಸಲ್ಲಿಸುತ್ತಾರೆ. ಆಮೇಲೆ ಯಾರೋ ಹಿಂದಿನ ತಿಂಗಳ ಬಿಲ್ಲೊಂದನ್ನು ತಿದ್ದಿದರೆ ಪುಸ್ತಕಕ್ಕೂ ರಿಟರ್ನ್‌ಗೂ ಹೊಂದುವುದಿಲ್ಲ. ಟ್ಯಾಲಿಪ್ರೈಮ್‌ನಲ್ಲಿ ಎಷ್ಟು ದಿನ ಹಿಂದಿನ ವೋಚರ್ (ಒಂದೊಂದು ವ್ಯವಹಾರದ ನಮೂದು) ಹಾಕಬಹುದೆಂದು ಬಳಕೆದಾರರ ಪಾತ್ರಕ್ಕೆ ತಕ್ಕಂತೆ ಮಿತಿ ಇಡಬಹುದು. ಬಿಲ್ಲಿಂಗ್ ಮಾಡುವವರಿಗೆ ಒಂದು ದಿನ ಸಾಕು.

ಇಬ್ಬರೇ ಇರುವ ಅಂಗಡಿಯಲ್ಲಿ ಇಷ್ಟೆಲ್ಲ ಹಂಚಲಾಗದು, ಒಪ್ಪುತ್ತೇನೆ. ಅಲ್ಲಿ ಮಾಲೀಕರೇ ವಾರಕ್ಕೊಮ್ಮೆ ಎಡಿಟ್ ಲಾಗ್, ಅಂದರೆ ಆ ತಿದ್ದುಪಡಿಗಳ ದಾಖಲೆ, ತೆರೆದು, ತಿದ್ದಿದ ಮತ್ತು ಅಳಿಸಿದ ವೋಚರ್‌ಗಳನ್ನಷ್ಟೇ ನೋಡಲಿ.

ಕೆಲಸ ಬಿಟ್ಟವರ ಲಾಗಿನ್ ಅನ್ನು ಅವರು ಹೊರಡುವ ದಿನವೇ ಮುಚ್ಚಬೇಕು. ಸರಕು ಸಾಗಣೆಗೆ ಬೇಕಾದ ಇ-ವೇ ಬಿಲ್ ಪೋರ್ಟಲ್‌ನಲ್ಲಿ ಉಪಬಳಕೆದಾರರನ್ನು ಸೃಷ್ಟಿಸಿ, ಬೇಕಾದಾಗ ಸ್ಥಗಿತಗೊಳಿಸುವ ಸೌಲಭ್ಯವಿದೆ. ಬಹಳ ಮಂದಿ ಅದನ್ನು ಮುಟ್ಟಿಯೇ ಇಲ್ಲ. ಜಿಎಸ್‌ಟಿ ನೋಂದಣಿಗೆ ಲೆಕ್ಕಿಗರ ಸ್ವಂತ ಮೊಬೈಲ್ ಸಂಖ್ಯೆ ಕೊಟ್ಟಿದ್ದರೆ ಈ ವಾರವೇ ಬದಲಿಸಿ. ಅವರು ಹೋದ ಮೇಲೂ ಒಟಿಪಿ ಅವರಿಗೇ ಹೋಗುತ್ತಿರುತ್ತದೆ. ಲಾಗಿನ್ ಕೂಡ ನಿಮ್ಮ ಕೈಯಲ್ಲಿಲ್ಲದಿದ್ದರೆ ದಾಖಲೆ ಹಿಡಿದು ತೆರಿಗೆ ಅಧಿಕಾರಿಯ ಕಚೇರಿಗೆ ಅಲೆಯಬೇಕಾಗುತ್ತದೆ.