ಮಗುವನ್ನು ಕಛೇರಿಯ ಕೊನೆಯವರೆಗೆ ಕೂರಿಸಬೇಡಿ

ಬೆಂಗಳೂರಿನ ಉಚಿತ ಪಿಯಾನೊ ಕಛೇರಿಗಳ ಕೊನೆಯ ಅರ್ಧ ಗಂಟೆಯಲ್ಲಿ ಸಭಾಂಗಣದ ಹಿಂದಿನ ಸಾಲುಗಳಲ್ಲಿ ಏನು ನಡೆಯುತ್ತದೆ ಎಂಬುದು ವೇದಿಕೆಯ ಮೇಲಿರುವ ಕಲಾವಿದರಿಗೆ ಕಾಣುವುದಿಲ್ಲ. ಬಾಗಿಲ ಬಳಿ ನಿಂತಿರುವ ನನ್ನಂಥ ಸಂಘಟಕರಿಗೆ ಚೆನ್ನಾಗಿಯೇ ಕಾಣುತ್ತದೆ. ಆರೇಳು ವರ್ಷದ ಮಗು ಕುರ್ಚಿಯಿಂದ ಅರ್ಧ ಕೆಳಕ್ಕೆ ಜಾರಿರುತ್ತದೆ, ತಂದೆ ಅದರ ತೋಳು ಹಿಡಿದು ಮತ್ತೆ ಮೇಲೆ ಕೂರಿಸುತ್ತಾರೆ, ತಾಯಿ ತುಟಿಯ ಮೇಲೆ ಬೆರಳಿಟ್ಟು ಕಣ್ಣು ಬಿಡುತ್ತಾರೆ, ಇದು ಕೊನೆಯ ಚಪ್ಪಾಳೆಯವರೆಗೆ ಮುಂದುವರಿಯುತ್ತದೆ. ಮರುವಾರ ಅದೇ ತಂದೆತಾಯಿ ನನ್ನ ತರಗತಿಯ ಬಾಗಿಲಲ್ಲಿ ನಿಂತು, “ಇವನಿಗೆ ಕ್ಲಾಸಿಕಲ್ ಹಿಡಿಸಲಿಲ್ಲ ಮೇಡಂ, ಸಿನಿಮಾ ಹಾಡನ್ನೇ ಹೇಳಿಕೊಡಿ” ಎನ್ನುತ್ತಾರೆ. ಆ ಮಗು ಮೊದಲ ಇಪ್ಪತ್ತು ನಿಮಿಷ ಬಾಯಿ ತೆರೆದುಕೊಂಡು ಕೇಳುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿರುತ್ತೇನೆ. ಹೆತ್ತವರು ತೀರ್ಪು ಕೊಡುವುದು ಮಾತ್ರ ಕೊನೆಯ ಇಪ್ಪತ್ತು ನಿಮಿಷವನ್ನು ನೋಡಿ.

ಮಗುವಿಗೆ ಸಾಕಾಯಿತು ಎಂದು ಕಂಡ ಕೂಡಲೇ, ಸರಿಯಾದ ಜಾಗದಲ್ಲಿ ಎದ್ದು ಮನೆಗೆ ಹೋಗಿ ಎಂದು ನಾನು ಎಷ್ಟೋ ವರ್ಷಗಳಿಂದ ಹೇಳುತ್ತಲೇ ಇದ್ದೇನೆ. ಕೇಳಿದವರೆಲ್ಲ ತಲೆಯಾಡಿಸುತ್ತಾರೆ, ಆಮೇಲೆ ಕೊನೆಯವರೆಗೂ ಕೂರುತ್ತಾರೆ.

ಅವರು ಕೂರುವುದಕ್ಕೆ ಇರುವ ಕಾರಣಗಳು ನನಗೆ ಗೊತ್ತಿಲ್ಲದವೇನಲ್ಲ. ವಿದ್ವಾಂಸರ ಮುಂದಿನಿಂದ ನಡುವೆ ಎದ್ದು ಹೋಗಬಾರದೆಂಬ ಸಂಸ್ಕಾರ ನಮ್ಮಲ್ಲಿದೆ, ಅದರ ಬಗ್ಗೆ ನನಗೆ ಗೌರವವೂ ಇದೆ. ವೈಟ್‌ಫೀಲ್ಡಿನಿಂದ ಒಂದೂವರೆ ಗಂಟೆ ಟ್ರಾಫಿಕ್ಕಿನಲ್ಲಿ ಬಂದವರು ಅರ್ಧ ಗಂಟೆಗೆ ಹೊರಡುವುದೆಂದರೆ ಹೊಟ್ಟೆ ಉರಿಯುವುದು ಸಹಜ. ಮೂರನೆಯ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಪುಕ್ಕಟೆಯಾಗಿ ಸಿಕ್ಕಿದ್ದನ್ನು ಪೂರ್ತಿ ಪಡೆಯದೆ ಬಿಡುವುದು ಹೇಗೆ ಎಂಬ ಲೆಕ್ಕಾಚಾರ. ಈ ಲೆಕ್ಕ ತಲೆಕೆಳಗಾಗಿದೆ. ಸಾವಿರ ರೂಪಾಯಿ ಕೊಟ್ಟು ಟಿಕೆಟ್ ಕೊಂಡವರು ನಡುವೆ ಏಳುವುದಕ್ಕೆ ಹಿಂದೆಮುಂದೆ ನೋಡಿದರೆ ಅರ್ಥವಿದೆ. ಪ್ರವೇಶ ಉಚಿತವೆಂದ ಮೇಲೆ ನಷ್ಟದ ಪ್ರಶ್ನೆಯೇ ಇಲ್ಲ. ಇಪ್ಪತ್ತು ನಿಮಿಷ ಕೇಳಿ ಹೋಗಬಹುದು, ಮುಂದಿನ ತಿಂಗಳು ಇನ್ನೊಂದು ಕಛೇರಿಗೆ ಬಂದು ಮತ್ತೆ ಇಪ್ಪತ್ತು ನಿಮಿಷ ಕೇಳಬಹುದು. ಸಣ್ಣ ಮಕ್ಕಳಿರುವ ಸಂಸಾರಕ್ಕೆ ಉಚಿತ ಕಛೇರಿಯ ನಿಜವಾದ ಉಪಯೋಗವೇ ಇದು. ಹೀಗೆ ಬಂದು ಹೋಗುವವರಿಗಾಗಿಯೇ ನಾವು ಬಾಗಿಲು ತೆರೆದಿಟ್ಟಿರುತ್ತೇವೆ ಎಂಬುದನ್ನು ದಯವಿಟ್ಟು ನಂಬಿ.

ಮಗುವನ್ನು ಕರೆತರುವುದು ಏಕೆ ಎಂಬುದನ್ನು ನೆನಪಿಟ್ಟುಕೊಂಡರೂ ಈ ಹಟ ಕಡಿಮೆಯಾದೀತು. ನಮ್ಮ ಮಕ್ಕಳಲ್ಲಿ ಬಹಳಷ್ಟು ಮಂದಿ ಕಲಿಯುವುದು ಎಲೆಕ್ಟ್ರಾನಿಕ್ ಕೀಬೋರ್ಡಿನ ಮೇಲೆ, ಕೇಳುವುದು ಮೊಬೈಲಿನಲ್ಲಿ. ಪಿಯಾನೊದ ಎಡತುದಿಯ ಸ್ವರ ಸೆಕೆಂಡಿಗೆ 27.5 ಸಲ ಕಂಪಿಸುತ್ತದೆ; ಅಷ್ಟು ತಗ್ಗಿನ ನಾದವನ್ನು ಹೊರಡಿಸುವ ಶಕ್ತಿ ಮೊಬೈಲಿನ ಸ್ಪೀಕರಿಗೆ ಇಲ್ಲ. ಸಭಾಂಗಣಗಳಲ್ಲಿ ಇಡುವ ದೊಡ್ಡ ಪಿಯಾನೊ, ಕಾನ್ಸರ್ಟ್ ಗ್ರ್ಯಾಂಡ್, ಸುಮಾರು ಎರಡು ಮುಕ್ಕಾಲು ಮೀಟರ್ ಉದ್ದ, ಐನೂರು ಕಿಲೊ ಮುಟ್ಟುವಷ್ಟು ತೂಕ. ಅದರೊಳಗಿನ ಇನ್ನೂರಕ್ಕೂ ಹೆಚ್ಚು ತಂತಿಗಳು ಎಳೆಯುವ ಒಟ್ಟು ಬಿಗಿತ ಸುಮಾರು 20 ಟನ್. ಮೈಕಿನ ಹಂಗಿಲ್ಲದೆ ಆ ಪೆಟ್ಟಿಗೆಯಿಂದ ಹೊರಡುವ ನಾದ ನೆಲದ ಹಲಗೆಯಿಂದ ಅಂಗಾಲಿಗೆ, ಕುರ್ಚಿಯಿಂದ ಬೆನ್ನಿಗೆ ಬರುವುದನ್ನು ಮಗು ಒಮ್ಮೆ ಅನುಭವಿಸಬೇಕು. ಹತ್ತಾರು ಲಕ್ಷ ಬೆಲೆಯ ಈ ವಾದ್ಯವನ್ನು ಮನೆಯಲ್ಲಿ ಇಟ್ಟುಕೊಳ್ಳುವವರು ಎಷ್ಟು ಮಂದಿ? ಮೈಸೂರಿನ ಮಹಾರಾಜರಾಗಿದ್ದ ಜಯಚಾಮರಾಜ ಒಡೆಯರ್ ಪಿಯಾನೊವನ್ನು ಗಂಭೀರವಾಗಿ ಅಭ್ಯಾಸ ಮಾಡಿದವರು, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಎಂಬ ಅರ್ಹತೆ ಪಡೆದವರು. 1940ರ ದಶಕದ ಕೊನೆಯಲ್ಲಿ ರಷ್ಯನ್ ಸಂಯೋಜಕ ನಿಕೊಲಾಯ್ ಮೆಟ್ನರ್ ತಮ್ಮ ಕೃತಿಗಳನ್ನು ಧ್ವನಿಮುದ್ರಿಸಲು ಸಾಧ್ಯವಾದದ್ದು ಅವರ ನೆರವಿನಿಂದ, ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು (ಪಿಯಾನೊ ಮತ್ತು ವಾದ್ಯವೃಂದ ಕೂಡಿ ನುಡಿಸುವ ಕೃತಿ) ಅರ್ಪಿಸಿದ್ದೂ ಅವರಿಗೆ. ಪಿಯಾನೊ ನಮ್ಮದಲ್ಲದ ಸಂಗೀತ, ಅಲ್ಲಿ ಉಸಿರು ಬಿಗಿಹಿಡಿದೇ ಕೂರಬೇಕು ಎಂದು ಅಳುಕುವವರಿಗೆ ನಾನು ಈ ಮಾತನ್ನು ಹೇಳುವುದುಂಟು. ಆದರೆ ಅರಮನೆಯಲ್ಲಿದ್ದ ಅನುಕೂಲ ನಮ್ಮ ಮಕ್ಕಳಿಗೆ ಎಲ್ಲಿಂದ ಬರಬೇಕು? ಅವರಿಗೆ ನಿಜವಾದ ಪಿಯಾನೊ ಸಿಗುವುದು ಇಂಥ ಸಭಾಂಗಣಗಳಲ್ಲಿಯೇ. ಆ ಮೊದಲ ಪರಿಚಯಕ್ಕೆ ಎರಡು ಕೃತಿಗಳು ಸಾಕು. ಅಷ್ಟರಲ್ಲಿ ಪುಟ್ಟ ಕಿವಿ ತುಂಬಿರುತ್ತದೆ. ಆಮೇಲಿನದು ಬರಿಯ ಸಹನೆಯ ಪರೀಕ್ಷೆ.

ಕಾರ್ಯಕ್ರಮದ ವಿನ್ಯಾಸವೂ ಮಕ್ಕಳ ವಿರುದ್ಧವಾಗಿಯೇ ಇರುತ್ತದೆ. ಒಬ್ಬರೇ ನುಡಿಸುವ ಪಿಯಾನೊ ಕಛೇರಿಯಲ್ಲಿ ಸಾಮಾನ್ಯವಾಗಿ ಮೊದಲು ಚಿಕ್ಕ ಕೃತಿಗಳು, ವಿರಾಮದ ನಂತರ ದೊಡ್ಡ ಕೃತಿ. ಸಂಯೋಜಕ ಶೂಬರ್ಟ್ 1828ರಲ್ಲಿ ಬರೆದ ಕೊನೆಯ ಪಿಯಾನೊ ಸೊನಾಟಾವನ್ನು (ಸೊನಾಟಾ ಎಂದರೆ ದೊಡ್ಡ ವಾದ್ಯಕೃತಿ) ಯಾರಾದರೂ ದ್ವಿತೀಯಾರ್ಧಕ್ಕೆ ಇಟ್ಟುಕೊಂಡಿದ್ದರೆ, ಅದರ ಮೊದಲ ಮೂವ್‌ಮೆಂಟ್, ಎಂದರೆ ಮೊದಲ ಭಾಗ ಒಂದೇ, ಪುನರಾವರ್ತನೆ ಸೇರಿದರೆ, ಇಪ್ಪತ್ತು ನಿಮಿಷದ ಹತ್ತಿರ ಹೋಗುತ್ತದೆ. ಇಡೀ ಕೃತಿ ಸುಮಾರು ನಲವತ್ತು ನಿಮಿಷ. ಲಿಸ್ಟ್‌ನ ಬಿ ಮೈನರ್ ಸೊನಾಟಾ ಅರ್ಧ ಗಂಟೆ ಎಲ್ಲೂ ನಿಲ್ಲದೆ ಹರಿಯುತ್ತದೆ. ಎರಡೂ ನನಗೆ ಪ್ರಾಣ. ಆದರೂ ಆರು ವರ್ಷದ ಮಗುವನ್ನು ಅವುಗಳ ಮುಂದೆ ಕೂರಿಸಿ ಅದರ ಅಭಿರುಚಿ ಅಳೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಈಗ ‘ಸರಿಯಾದ ಜಾಗದಲ್ಲಿ’ ಏಳುವುದೆಂದರೇನು ಎಂಬುದಕ್ಕೆ ಬರುತ್ತೇನೆ, ಏಕೆಂದರೆ ಜನ ಎಡವುವುದು ಇಲ್ಲಿಯೇ. ಸೊನಾಟಾ ಎಂಬುದು ಸಾಮಾನ್ಯವಾಗಿ ಮೂರೋ ನಾಲ್ಕೋ ಮೂವ್‌ಮೆಂಟುಗಳ ಒಂದೇ ಕೃತಿ. ಒಂದು ಮೂವ್‌ಮೆಂಟ್ ಮುಗಿದಾಗ ಸದ್ದು ನಿಲ್ಲುತ್ತದೆ, ಕಲಾವಿದರು ಕೈಗಳನ್ನು ತೊಡೆಯ ಮೇಲಿಡುತ್ತಾರೆ, ಯಾರೋ ಕೆಮ್ಮುತ್ತಾರೆ. ಕೃತಿ ಮುಗಿಯಿತೆಂದು ನೀವು ಮಗುವಿನೊಂದಿಗೆ ಏಳುತ್ತೀರಿ, ಅಷ್ಟರಲ್ಲಿ ಮೆಲ್ಲನೆಯ ಎರಡನೆಯ ಮೂವ್‌ಮೆಂಟ್ ಆರಂಭವಾಗಿ ನಿಮ್ಮ ಚಪ್ಪಲಿಯ ಸದ್ದು ಇಡೀ ಸಭಾಂಗಣಕ್ಕೆ ಕೇಳುತ್ತದೆ. ಒಮ್ಮೆ ಹೀಗೆ ಮುಜುಗರಪಟ್ಟವರು ಮತ್ತೆಂದೂ ಏಳುವ ಧೈರ್ಯ ಮಾಡುವುದಿಲ್ಲ. ಹಾಗಾಗಿ ನಾನು ಮಕ್ಕಳಿಗೇ ಒಂದು ನಿಯಮ ಹೇಳಿಕೊಟ್ಟಿದ್ದೇನೆ: ನುಡಿಸುವವರು ಎದ್ದು ನಿಂತು ನಮಸ್ಕರಿಸಿದರೆ ನಾವೂ ಏಳಬಹುದು, ಅವರು ಕುಳಿತೇ ಇದ್ದರೆ ನಾವೂ ಕೂರಬೇಕು. ಓದಲು ಬಾರದ ಮಗುವೂ ಇದನ್ನು ಪಾಲಿಸಬಲ್ಲದು. ಕೆಲವು ಮಕ್ಕಳಂತೂ ಅಪ್ಪಅಮ್ಮನಿಗಿಂತ ಕಟ್ಟುನಿಟ್ಟಾಗಿ ಪಾಲಿಸುತ್ತವೆ. ಮುದ್ರಿತ ಕಾರ್ಯಕ್ರಮ ಪಟ್ಟಿ ಕೈಗೆ ಸಿಕ್ಕರೆ, ಒಂದೇ ಹೆಸರಿನ ಕೆಳಗೆ ಸ್ವಲ್ಪ ಒಳಸರಿಸಿ ಅಚ್ಚು ಹಾಕಿರುವ ಸಾಲುಗಳೆಲ್ಲ ಒಂದೇ ಕೃತಿಯ ಭಾಗಗಳು ಎಂದು ತಿಳಿಯಿರಿ.

ಈ ನಿಯಮಕ್ಕೆ ಅಪವಾದಗಳಿವೆ. ಶೋಪಾನ್‌ನ 24 ಪ್ರೆಲ್ಯೂಡುಗಳೆಂಬ ಪುಟ್ಟ ಕೃತಿಗಳನ್ನು ಒಟ್ಟಿಗೆ ನುಡಿಸುವವರು ನಲವತ್ತು ನಿಮಿಷದವರೆಗೆ ಏಳದಿರಬಹುದು. ಮಗು ಅಳಲು ಆರಂಭಿಸಿದರೆ, ಅಥವಾ ಶೌಚಾಲಯಕ್ಕೆ ಹೋಗಲೇಬೇಕೆಂದರೆ, ಯಾವ ನಿಯಮವನ್ನೂ ನೋಡದೆ ಹೊರಗೆ ಕರೆದೊಯ್ಯಿರಿ. ಐದು ಸೆಕೆಂಡಿನ ಹೆಜ್ಜೆಸದ್ದನ್ನು ಎಲ್ಲರೂ ಕ್ಷಮಿಸುತ್ತಾರೆ, ಹತ್ತು ನಿಮಿಷದ ಪಿಸುಗುಟ್ಟುವಿಕೆಯನ್ನು ಕ್ಷಮಿಸುವುದು ಕಷ್ಟ. ಎಷ್ಟು ನಿಮಿಷಕ್ಕೆ ಮಗುವಿಗೆ ಸಾಕಾಗುತ್ತದೆ ಎಂಬುದಕ್ಕೂ ನಾನು ಖಚಿತ ಅಂಕಿ ಕೊಡಲಾರೆ. ನಾನು ಸಂಗೀತ ಶಿಕ್ಷಕಿಯೇ ಹೊರತು ಮಕ್ಕಳ ತಜ್ಞೆಯಲ್ಲ. ಇಪ್ಪತ್ತು ನಿಮಿಷವೆಂಬುದು ನನ್ನ ಅಂದಾಜು. ನಾಲ್ಕು ವರ್ಷದ ಕೆಲವು ಮಕ್ಕಳು ವಿರಾಮದವರೆಗೆ ಆರಾಮವಾಗಿ ಕೂರುತ್ತವೆ, ಹತ್ತು ವರ್ಷದ ಕೆಲವರಿಗೆ ಎರಡನೆಯ ಕೃತಿಗೇ ಬೇಸರ ಬರುತ್ತದೆ. ನಿಮ್ಮ ಮಗುವನ್ನು ಬಲ್ಲವರು ನೀವೇ.

ತಮಾಷೆಯೆಂದರೆ, ಮಕ್ಕಳನ್ನು ಸಂಗೀತಕ್ಕೆ ಕರೆದೊಯ್ಯುವ ವಿದ್ಯೆ ನಮ್ಮವರಿಗೆ ಯಾರೂ ಕಲಿಸಬೇಕಾದದ್ದಲ್ಲ. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದಿರುವ ರಾಮೋತ್ಸವವನ್ನೇ ನೋಡಿ. ಅಲ್ಲಿ ಮಗು ವರ್ಣಕ್ಕೆ ಎಚ್ಚರವಿರುತ್ತದೆ, ರಾಗಾಲಾಪನೆಗೆ ಅಜ್ಜಿಯ ಮಡಿಲಲ್ಲಿ ನಿದ್ದೆಹೋಗುತ್ತದೆ, ಮೃದಂಗದವರ ತನಿ ಆವರ್ತನ ಆರಂಭವಾದಾಗ ಎದ್ದು ಕೂತು ತೊಡೆ ತಟ್ಟುತ್ತದೆ. ಟಿಕೆಟಿಲ್ಲದೆ ಪೆಂಡಾಲಿನ ಹೊರಗೆ ರಸ್ತೆಬದಿಯಲ್ಲಿ ಕೇಳುವವರೂ ಇದ್ದಾರೆ, ಸಾಕೆನಿಸಿದಾಗ ಎದ್ದು ಹೋಗುವವರೂ ಇದ್ದಾರೆ. ಮಗು ಮಲಗಿತೆಂದು ಅದಕ್ಕೆ ಸಂಗೀತ ಹಿಡಿಸಲಿಲ್ಲ ಎಂದು ಅಲ್ಲಿ ಯಾರೂ ತೀರ್ಮಾನಿಸುವುದಿಲ್ಲ. ಅದೇ ಮನೆಯವರು ಪಿಯಾನೊ ಕಛೇರಿಗೆ ಬಂದಾಗ ಮಾತ್ರ ವೀಸಾ ಕಚೇರಿಯಲ್ಲಿ ಕೂತವರಂತೆ ಸೆಟೆದು ಕೂರುತ್ತಾರೆ. ಒಂದು ವ್ಯತ್ಯಾಸ ನಿಜ: ಪೆಂಡಾಲಿನಲ್ಲಿ ಮೈಕ್ ಇದೆ, ಇಲ್ಲಿಲ್ಲ. ಪಿಯಾನೊದ ಸ್ವರ ಸುತ್ತಿಗೆ ತಂತಿಗೆ ಬಡಿದ ಕ್ಷಣದಿಂದಲೇ ಕ್ಷೀಣಿಸತೊಡಗುತ್ತದೆ. ಆ ಕ್ಷೀಣಿಸುವ ನಾದದ ಮೇಲೆಯೇ ಕಲಾವಿದರ ಕೆಲಸವೆಲ್ಲ ನಿಂತಿರುವಾಗ ಚಿಪ್ಸ್ ಪೊಟ್ಟಣದ ಸದ್ದು ಅದನ್ನು ನುಂಗಿಬಿಡುತ್ತದೆ. ಆದ್ದರಿಂದ ಮಗು ಗದ್ದಲ ಮಾಡುತ್ತಾ ಒಳಗಿರಲು ಇಲ್ಲಿ ಅವಕಾಶವಿಲ್ಲ, ಹೊರಗೆ ಹೋಗಲು ಧಾರಾಳವಾಗಿ ಇದೆ.

ಎರಡು ಗಂಟೆ ಅಲ್ಲಾಡದೆ ಕೂರುವ ಶಿಸ್ತು ಈ ಸಂಗೀತದ ಜೊತೆಯಲ್ಲೇ ಹುಟ್ಟಿದ್ದೂ ಅಲ್ಲ. ಮೊಟ್ಸಾರ್ಟ್ 1778ರಲ್ಲಿ ಪ್ಯಾರಿಸಿನಿಂದ ತಂದೆಗೆ ಬರೆದ ಪತ್ರದಲ್ಲಿ, ತನ್ನ ಸಿಂಫನಿ ನಡೆಯುತ್ತಿರುವಾಗಲೇ ಕೇಳುಗರು ಚಪ್ಪಾಳೆ ತಟ್ಟಿದ್ದನ್ನು ಸಂತೋಷದಿಂದ ವರ್ಣಿಸುತ್ತಾನೆ. ಲಿಸ್ಟ್ 1840ರ ಜೂನಿನಲ್ಲಿ ಲಂಡನ್ನಿನಲ್ಲಿ ನುಡಿಸಿದಾಗ ಕೃತಿಗಳ ನಡುವೆ ವೇದಿಕೆಯಿಂದಿಳಿದು ಕೇಳುಗರೊಡನೆ ಹರಟುತ್ತಿದ್ದನಂತೆ. ಈಗಿನ ನಿಶ್ಶಬ್ದ ಒಳ್ಳೆಯದೇ, ನಾನು ಅದರ ಪರವಾಗಿಯೇ ಇದ್ದೇನೆ. ಆದರೆ ಅದು ಆಮೇಲೆ ರೂಢಿಯಾದ ಶಿಷ್ಟಾಚಾರ ಎಂಬುದು ಗೊತ್ತಿದ್ದರೆ ಬೇಗ ಹೊರಡುವವರಿಗೆ ಅಪರಾಧಭಾವ ಕಾಡುವುದಿಲ್ಲ.

ನನ್ನ ವಿದ್ಯಾರ್ಥಿಯೊಬ್ಬನನ್ನು ಅವನ ಅಜ್ಜಿ ಕರೆತರುತ್ತಿದ್ದರು. ಅವರಿಗೆ ಪಿಯಾನೊ ಸಂಗೀತದ ಗಂಧಗಾಳಿಯೂ ಇರಲಿಲ್ಲ; ಬಸವನಗುಡಿಯ ಕಛೇರಿಗಳನ್ನು ಕೇಳಿ ಬೆಳೆದವರು. ಮೊಮ್ಮಗ ಕಾಲಾಡಿಸತೊಡಗಿದರೆ ಮುಂದಿನ ಚಪ್ಪಾಳೆಗೆ ಕಾದು, “ಸಾಕು ನಡಿಯೋ ಪುಟ್ಟಾ, ಮಿಕ್ಕಿದ್ದು ಇನ್ನೊಂದು ದಿನ” ಎಂದು ಎದ್ದುಬಿಡುತ್ತಿದ್ದರು. ಬಾಗಿಲ ಬಳಿ ನನ್ನನ್ನು ಕಂಡರೆ ಸಂಕೋಚವಿಲ್ಲದೆ ಕೈಮುಗಿದು ಹೊರಡುತ್ತಿದ್ದರು. ಆ ಹುಡುಗನಿಗೆ ಪಿಯಾನೊ ಕಛೇರಿಯೆಂದರೆ ಬೇಸರ ಬರುವ ಮೊದಲೇ ಮುಗಿದುಹೋಗುವ ಸಂಗತಿಯಾಗಿತ್ತು, ಆದ್ದರಿಂದ ಮುಂದಿನದು ಯಾವಾಗ ಎಂದು ಅವನೇ ಕೇಳುತ್ತಿದ್ದ. ಒಮ್ಮೆ ಬಾರ್ಟೋಕ್‌ನ ‘ಅಲೆಗ್ರೊ ಬಾರ್ಬರೊ’ ಕೇಳಿದ. 1911ರಲ್ಲಿ ಬರೆದ, ಪಿಯಾನೊವನ್ನು ತಮಟೆಯ ಹಾಗೆ ಬಾರಿಸುವ ಮೂರು ನಿಮಿಷದ ಕೃತಿ ಅದು. ಅಂದು ಮಾತ್ರ ಅಜ್ಜಿ ಎದ್ದರೂ ಅವನು ಏಳಲಿಲ್ಲ.

ಇದರಿಂದ ಸಂಘಟಕರಿಗೂ ಒಂದು ಮಾತು ಹೇಳಬೇಕೆನಿಸುತ್ತದೆ. ಮಕ್ಕಳ ಕಛೇರಿಯೆಂದ ಕೂಡಲೇ ಹೆಸರಿನಲ್ಲಿ ಮಕ್ಕಳಿರುವ ಕೃತಿಗಳನ್ನು ಹುಡುಕುವುದು ಬೇಡ. ಶೂಮನ್ 1838ರಲ್ಲಿ ಬರೆದ ‘ಕಿಂಡರ್‌ಸೀನನ್’ (ಬಾಲ್ಯದ ದೃಶ್ಯಗಳು) ದೊಡ್ಡವರು ಬಾಲ್ಯವನ್ನು ನೆನೆಯುವ ಕೃತಿ. ಅದಕ್ಕೆ ಕಣ್ಣು ತೇವವಾಗುವುದು ತಾತನಿಗೆ, ಮೊಮ್ಮಗಳಿಗಲ್ಲ. ಅದೇ ಶೂಮನ್ ಹತ್ತು ವರ್ಷಗಳ ನಂತರ ಹಿರಿಯ ಮಗಳು ಮರೀಯ ಏಳನೆಯ ಹುಟ್ಟುಹಬ್ಬಕ್ಕೆಂದು ಬರೆಯತೊಡಗಿದ ‘ಆಲ್ಬಂ ಫ್ಯೂರ್ ಡೀ ಯೂಗೆಂಡ್’ (ಎಳೆಯರಿಗಾಗಿ ಆಲ್ಬಂ) ಮಕ್ಕಳು ನುಡಿಸಲೆಂದೇ ಇರುವ ಪುಸ್ತಕ. ಕೇಳುವ ಮಕ್ಕಳಿಗಾದರೋ ತಾಳ ಗಟ್ಟಿಯಾಗಿರುವ, ಇದ್ದಕ್ಕಿದ್ದಂತೆ ಜೋರಾಗಿ ಇದ್ದಕ್ಕಿದ್ದಂತೆ ಮೆತ್ತಗಾಗುವ ಯಾವುದಾದರೂ ಹಿಡಿಸುತ್ತದೆ ಎಂಬುದು ನನ್ನ ಅನುಭವ.

ಕೂರುವ ಜಾಗದ ವಿಷಯ. ವೇದಿಕೆಗೆ ಮುಖಮಾಡಿ ಕುಳಿತಾಗ ನಿಮ್ಮ ಎಡಭಾಗದಲ್ಲಿ ಕುಳಿತರೆ ನುಡಿಸುವವರ ಕೈಗಳು ಕಾಣುತ್ತವೆ, ಬಲಭಾಗದಲ್ಲಿ ಕುಳಿತರೆ ಮುಖ ಮಾತ್ರ. ಬಲಗಡೆ ನಾದ ಚೆನ್ನಾಗಿ ಕೇಳುತ್ತದೆಂದು ರಸಿಕರು ವಾದಿಸುವುದುಂಟು, ಆದರೆ ಮಗುವಿಗೆ ಕೈ ಕಾಣಬೇಕು. ಎಡಭಾಗದಲ್ಲಿ, ನಡೆದಾಡುವ ದಾರಿಯ ಪಕ್ಕದ ಕುರ್ಚಿ ಹಿಡಿಯಿರಿ. ಮನೆಗೆ ಹೋಗುವ ದಾರಿಯಲ್ಲಿ “ಏನು ಅರ್ಥವಾಯಿತು? ಅದು ಯಾವ ಗ್ರೇಡಿನ ಪೀಸು?” ಎಂದು ಕೇಳಬೇಡಿ, ಟ್ರಿನಿಟಿಯ ಸಂಗೀತ ಗ್ರೇಡ್ ಪರೀಕ್ಷೆ ಎಲ್ಲಿಗೂ ಓಡಿಹೋಗುವುದಿಲ್ಲ.

ಬೇಗ ಹೊರಡುವವರು ಬೇಗ ಬರಲೂಬೇಕು. ತಡವಾಗಿ ಬಂದವರನ್ನು ಮೊದಲ ಕೃತಿ ಮುಗಿಯುವವರೆಗೆ ಬಾಗಿಲ ಹೊರಗೆ ನಿಲ್ಲಿಸುವುದು ವಾಡಿಕೆಯಾದ್ದರಿಂದ, ಮಗುವಿಗೆ ಅತ್ಯುತ್ತಮವಾದ ಮೊದಲ ಇಪ್ಪತ್ತು ನಿಮಿಷವನ್ನು ಹೊರಗೆ ಕಳೆದು, ಬೇಡವಾದ ಕೊನೆಯ ಇಪ್ಪತ್ತು ನಿಮಿಷಕ್ಕೆ ಒಳಗೆ ಕೂರುವ ಸಂಸಾರಗಳೇ ಹೆಚ್ಚು. ಕಾರ್ಯಕ್ರಮ ಪಟ್ಟಿಯಲ್ಲಿ ಪ್ರತಿ ಕೃತಿಯ ಪಕ್ಕದಲ್ಲಿ ಅದರ ಅಂದಾಜು ನಿಮಿಷಗಳನ್ನು ಅಚ್ಚು ಹಾಕಿಸಿ ಎಂದು ನಾನು ಸಂಘಟಕ ಮಿತ್ರರನ್ನು ಒತ್ತಾಯಿಸುತ್ತಿದ್ದೇನೆ, ಕೆಲವರು ಒಪ್ಪಿದ್ದಾರೆ. ಒಂಟಿಯಾಗಿ ಬರುವ ಹಿರಿಯ ರಸಿಕರಲ್ಲಿ ಒಂದು ವಿನಂತಿ: ಬಾಗಿಲ ಬಳಿಯ ಕೊನೆಯ ಎರಡು ಸಾಲುಗಳನ್ನು ನಾವು ಮಕ್ಕಳೊಂದಿಗೆ ಬಂದವರಿಗೆಂದು ಬಿಟ್ಟಿರುತ್ತೇವೆ, ಫ್ಯಾನ್ ಅಲ್ಲಿ ಚೆನ್ನಾಗಿದೆಯೆಂದು ದಯವಿಟ್ಟು ನೀವು ಹೋಗಿ ಕೂರಬೇಡಿ.